ಆರಾಧನೆಯಲ್ಲಿ ದೇಶಕ್ಕೆ ಜಾಗ ಎಲ್ಲಿ?

ಪ್ರಶ್ನೆ: ಸರ್, ಈ ಸಲ ನಮ್ಮ ರಾಷ್ಟ್ರೀಯ ದಿನ ಭಾನುವಾರಾನೇ ಬಂದಿದೆ. ಸಭೆಯ ಕಮಿಟಿಯಲ್ಲಿ ಕೆಲವರು ಆಲ್ಟರ್ ಪಕ್ಕ ಬಾವುಟ ಇಡೋಣ, ರಾಷ್ಟ್ರಗೀತೆ ಹಾಡಿ ಆರಾಧನೆ ಶುರು ಮಾಡೋಣ, ಪಾಸ್ಟರ್ ಮಾಡೋ ಪ್ರಸಂಗಾನೂ ದೇಶಪ್ರೇಮದ ಮೇಲೇ ಇರಲಿ ಅಂತಿದ್ದಾರೆ. ಇನ್ನು ಕೆಲವರು ಇದು ವಿಗ್ರಹಾರಾಧನೆ, ಚರ್ಚಿನ ಒಳಗೆ ದೇಶದ ಮಾತೇ ಬೇಡ ಅಂತಿದ್ದಾರೆ. ಪಾಸ್ಟರ್ ಮಧ್ಯದಲ್ಲಿ ಸಿಕ್ಕಾಕೊಂಡು ಸುಮ್ಮನಾಗಿದ್ದಾರೆ. ನನಗೆ ದೇಶಾನೂ ಬೇಕು, ದೇವರೂ ಬೇಕು. ಯಾರು ಹೇಳ್ತಿರೋದು ಸರಿ?

ಉತ್ತರ: ನಿಮ್ಮ ಕೊನೆಯ ಮಾತಿಂದಾನೇ ಶುರು ಮಾಡ್ತೀನಿ. ದೇಶಾನೂ ಬೇಕು ದೇವರೂ ಬೇಕು ಅನ್ನೋದರಲ್ಲಿ ಒಂಚೂರೂ ತಪ್ಪಿಲ್ಲ, ಅದಕ್ಕೆ ಮುಜುಗರ ಪಡಬೇಡಿ. ದೇಶ ಆರಾಧನೆ ಒಳಗೆ ಬರಬೇಕಾ ಅಂದ್ರೆ ಖಂಡಿತ ಬರಬೇಕು, ಆದ್ರೆ ಪ್ರಾರ್ಥನೆಯಾಗಿ ಬರಬೇಕು. ದೇವರ ಮುಂದೆ ನಾವು ಯಾರ್ಯಾರಿಗೋಸ್ಕರ ಬೇಡ್ಕೊಳ್ತೀವೋ, ಯಾವುದಕ್ಕೆ ಸ್ತೋತ್ರ ಹೇಳ್ತೀವೋ, ಯಾವ ಪಾಪಾನ ಒಪ್ಕೊಳ್ತೀವೋ ಆ ಸಾಲಲ್ಲಿ ದೇಶಕ್ಕೆ ಜಾಗ ಇದೆ. ನಾವು ಮುಖ ಮಾಡಿ ನಿಂತು ತಲೆ ಬಾಗಿಸೋ ಕಡೆ, ಅಂದ್ರೆ ಆಲ್ಟರ್ ಕಡೆ, ಅದಕ್ಕೆ ಜಾಗ ಇಲ್ಲ. ಹಾಗಾಗಿ ನಿಮ್ಮ ಕಮಿಟಿಯ ಎರಡು ಗುಂಪಿನ ಮಾತನ್ನೂ ನಾನು ಪೂರ್ತಿ ಒಪ್ಪಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ಸಭೆ ಈ ವಿಷಯದಲ್ಲಿ ಎಡವಿದಾಗೆಲ್ಲ ಅದರ ಬೆಲೆ ತೆತ್ತವರು ಬಹಳ ಜನ.

ಮೊದಲು ದೇಶದ ಮಾತೇ ಬೇಡ ಅನ್ನೋರಿಗೆ. ಯೇಸು ಯೆರೂಸಲೇಮನ್ನ ನೋಡಿ ಅತ್ತಿದ್ದು ಲೂಕನ ಸುವಾರ್ತೆ 19ನೇ ಅಧ್ಯಾಯದಲ್ಲಿ ಇದೆ. ತನ್ನ ಜನರ ಊರು ಹಾಳಾಗೋದನ್ನ ನೆನೆಸಿಕೊಂಡು ಬಂದ ಕಣ್ಣೀರು ಅದು. ಪೌಲ ರೋಮಾಪುರದವರಿಗೆ ಬರೆಯುವಾಗ 9ನೇ ಅಧ್ಯಾಯದ ಶುರುವಲ್ಲೇ, ನನ್ನ ಸ್ವಂತ ಜನ ಉಳಿಯೋದಾದ್ರೆ ನಾನೇ ಶಾಪಗ್ರಸ್ತನಾಗಿ ಕ್ರಿಸ್ತನಿಂದ ದೂರ ಆದ್ರೂ ಪರವಾಗಿಲ್ಲ ಅನ್ನೋಷ್ಟು ಸಂಕಟ ಪಡ್ತಾನೆ. ಹುಟ್ಟಿದ ನೆಲ, ಭಾಷೆ, ಜನ ಇದರ ಮೇಲೆ ಪ್ರೀತಿ ಇರೋದು ಪಾಪ ಅಂತ ಸತ್ಯವೇದ ಎಲ್ಲೂ ಹೇಳಿಲ್ಲ. ಅಷ್ಟೇ ಅಲ್ಲ, ಬಾಬೆಲಿಗೆ ಸೆರೆಯಾಗಿ ಹೋದ ಯೆಹೂದ್ಯರಿಗೆ ಯೆರೆಮೀಯ ಬರೆದ ಪತ್ರ ಇದೆಯಲ್ಲ, 29ನೇ ಅಧ್ಯಾಯ, ಅಲ್ಲಿ ಅವರನ್ನ ಹಿಡ್ಕೊಂಡು ಹೋದ ಊರಿನ ಕ್ಷೇಮಕ್ಕೇ ಪ್ರಾರ್ಥನೆ ಮಾಡಿ, ಅದು ಚೆನ್ನಾಗಿದ್ರೆ ನೀವೂ ಚೆನ್ನಾಗಿರ್ತೀರಿ ಅಂತಾನೆ. ಶತ್ರುವಿನ ಊರಿಗೇ ಪ್ರಾರ್ಥನೆ ಮಾಡಬೇಕಾದ್ರೆ ನಮ್ಮ ಊರಿಗೆ ಮಾಡಬಾರದಾ? ತಿಮೊಥೆಯನಿಗೆ ಬರೆದ ಮೊದಲನೇ ಪತ್ರದ 2ನೇ ಅಧ್ಯಾಯದಲ್ಲಂತೂ ಸಭೆ ಕೂಡಿದಾಗ ಎಲ್ಲಕ್ಕಿಂತ ಮೊದಲು ಎಲ್ಲಾ ಮನುಷ್ಯರಿಗಾಗಿ, ಅರಸರಿಗಾಗಿ, ಅಧಿಕಾರದಲ್ಲಿ ಇರೋರಿಗಾಗಿ ವಿಜ್ಞಾಪನೆ ಮಾಡಬೇಕು ಅಂತ ನೇರವಾಗಿ ಬರೆದಿದೆ. ಆ ಅರಸರು ಯಾರು? ಕ್ರೈಸ್ತರನ್ನ ಸಂಶಯದಿಂದ ನೋಡ್ತಿದ್ದ ರೋಮಿನ ಚಕ್ರವರ್ತಿಗಳು.

ಮೊದಲ ಶತಮಾನಗಳ ಸಭೆ ಇದನ್ನ ಹಾಗೇ ಪಾಲಿಸಿತು. ಸುಮಾರು ಕ್ರಿ.ಶ. 96ರಲ್ಲಿ ರೋಮಿನ ಸಭೆಯಿಂದ ಕೊರಿಂಥಕ್ಕೆ ಹೋದ ಒಂದು ಪತ್ರ ಉಳಿದಿದೆ, ಕ್ಲೆಮೆಂಟ್ ಬರೆದದ್ದು ಅಂತ ಹೇಳ್ತಾರೆ, ಅದರ ಕೊನೆಯಲ್ಲಿ ಆಳುವವರಿಗೆ ಆರೋಗ್ಯ, ಸಮಾಧಾನ, ಒಮ್ಮತ ಕೊಡು, ಅವರ ಆಲೋಚನೆಗಳನ್ನ ಒಳ್ಳೇದರ ಕಡೆ ತಿರುಗಿಸು ಅಂತ ಉದ್ದವಾದ ಪ್ರಾರ್ಥನೆ ಇದೆ. ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ಸುಮಾರು 197ರಲ್ಲಿ ಕ್ರೈಸ್ತರ ಪರವಾಗಿ ವಾದ ಮಾಡುವಾಗ, ನಾವು ಚಕ್ರವರ್ತಿಯ ದೀರ್ಘಾಯುಷ್ಯಕ್ಕೆ, ಅವನ ಮನೆತನದ ಸುರಕ್ಷತೆಗೆ, ಸೈನ್ಯಕ್ಕೆ, ಲೋಕದ ಶಾಂತಿಗೆ ಯಾವಾಗಲೂ ಪ್ರಾರ್ಥನೆ ಮಾಡ್ತೀವಿ ಅಂತ ಎದೆ ತಟ್ಟಿ ಹೇಳ್ತಾನೆ. ಅದೇ ಉಸಿರಲ್ಲಿ, ಆದರೆ ಅವನನ್ನ ದೇವರು ಅಂತ ಕರೆಯಲ್ಲ, ಯಾಕಂದ್ರೆ ಅವನು ದೇವರ ಕೆಳಗಿರೋ ಮನುಷ್ಯ ಅಂತಲೂ ಹೇಳ್ತಾನೆ.

ಇಲ್ಲೇ ಇರೋದು ಗೆರೆ. ಚಕ್ರವರ್ತಿಗೋಸ್ಕರ ಪ್ರಾರ್ಥನೆ ಮಾಡೋಕೆ ಅವರು ರೆಡಿ ಇದ್ರು, ಚಕ್ರವರ್ತಿಯ ಮುಂದೆ ಧೂಪ ಹಾಕೋಕೆ ರೆಡಿ ಇರಲಿಲ್ಲ. ಸುಮಾರು 112ರಲ್ಲಿ ಬಿಥೂನ್ಯ ಪ್ರಾಂತ್ಯದ ಗವರ್ನರ್ ಆಗಿದ್ದ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರದಲ್ಲಿ ತನ್ನ ಪರೀಕ್ಷೆ ಹೇಗೆ ಅಂತ ವಿವರಿಸ್ತಾನೆ: ಹಿಡಿದು ತಂದವರ ಮುಂದೆ ಚಕ್ರವರ್ತಿಯ ಪ್ರತಿಮೆ ಇಡಿಸೋದು, ಧೂಪ ದ್ರಾಕ್ಷಾರಸ ಅರ್ಪಿಸಿ ಅನ್ನೋದು, ಕ್ರಿಸ್ತನನ್ನ ಶಪಿಸಿ ಅನ್ನೋದು, ನಿಜವಾದ ಕ್ರೈಸ್ತರನ್ನ ಎಷ್ಟು ಬಲವಂತ ಮಾಡಿದ್ರೂ ಇದನ್ನ ಮಾಡಿಸೋಕೆ ಆಗಲ್ಲವಂತೆ ಅಂತ ಅವನೇ ಬರೀತಾನೆ. ಸ್ಮುರ್ನದ ವೃದ್ಧ ಬಿಷಪ್ ಪಾಲಿಕಾರ್ಪ್‌ಗೂ ಇದೇ ಆಯ್ತು. ಚಕ್ರವರ್ತಿಯ ಹೆಸರಲ್ಲಿ ಆಣೆ ಇಡು ಬಿಟ್ಟುಬಿಡ್ತೀನಿ ಅಂತ ಗವರ್ನರ್ ಅಂದ್ರೆ, 86 ವರ್ಷ ಕ್ರಿಸ್ತನ ಸೇವೆ ಮಾಡಿದ್ದೀನಿ, ಅವನು ನನಗೆ ಯಾವ ಕೇಡೂ ಮಾಡಿಲ್ಲ, ನನ್ನ ಅರಸನನ್ನ ಹೇಗೆ ದೂಷಿಸಲಿ ಅಂದ. ಆ ಕಥೆಯಲ್ಲಿ ಜನ ಸಾಮಾನ್ಯವಾಗಿ ಗಮನಿಸದೇ ಇರೋ ಇನ್ನೊಂದು ಸಾಲು ಇದೆ, ದೇವರು ನೇಮಿಸಿದ ಅಧಿಕಾರಿಗಳಿಗೆ ತಕ್ಕ ಮರ್ಯಾದೆ ಕೊಡೋದನ್ನ ನಮಗೆ ಕಲಿಸಿದ್ದಾರೆ ಅಂತ ಅವನು ಗವರ್ನರ್‌ಗೇ ಹೇಳ್ತಾನೆ. ಸಾಯೋ ಹೊತ್ತಲ್ಲೂ ಅವನು ಅಧಿಕಾರವನ್ನ ಬೈಯಲಿಲ್ಲ.

ಈಗ ಬಾವುಟ ಆಲ್ಟರ್ ಪಕ್ಕಾನೇ ಇರಲಿ ಅನ್ನೋರ ಕಡೆ ಬರ್ತೀನಿ. ಅವರ ಪ್ರೀತಿ ಬಗ್ಗೆ ನನಗೆ ಗೌರವ ಇದೆ. ಆದ್ರೆ ಪ್ರಾರ್ಥನಾ ಮಂದಿರ ಯಾರ ಸ್ವತ್ತು ಅನ್ನೋ ಪ್ರಶ್ನೆ ಬಹಳ ಹಳೇದು. ಆಮೋಸನ ಪುಸ್ತಕ 7ನೇ ಅಧ್ಯಾಯ ತೆಗೆದು ಓದಿ. ಬೇತೇಲಿನ ಯಾಜಕ ಅಮಚ್ಯ ಪ್ರವಾದಿ ಆಮೋಸನಿಗೆ, ಇಲ್ಲಿ ಇನ್ನು ಪ್ರವಾದಿಸಬೇಡ, ಇದು ರಾಜನ ಪವಿತ್ರಾಲಯ, ರಾಜ್ಯದ ಮಂದಿರ ಅಂತಾನೆ. ಯೆಹೋವನ ಮನೆ ಅಂತ ಅವನ ಬಾಯಲ್ಲಿ ಬರೋದೇ ಇಲ್ಲ. ಬಲಿ ನಡೀತಿತ್ತು, ಹಾಡು ನಡೀತಿತ್ತು, ಎಲ್ಲಾ ಸರಿಯಾಗೇ ನಡೀತಿತ್ತು, ಆದ್ರೆ ಬಡವರನ್ನ ತುಳೀತಿದ್ದೀರಿ ಅಂತ ದೇವರ ಹೆಸರಲ್ಲಿ ಹೇಳೋಕೆ ಬಂದವನಿಗೆ ಅಲ್ಲಿ ಜಾಗ ಇರಲಿಲ್ಲ. ದೇಶ ಆರಾಧನೆಯ ಯಜಮಾನ ಆದ ದಿನ ಮೊದಲು ಹೊರಗೆ ಹೋಗೋದು ಪ್ರವಾದಿ.

ಇನ್ನೊಂದು ನಜರೇತಿನ ಸಭಾಮಂದಿರದ್ದು, ಲೂಕ 4. ಯೇಸು ಓದಿದ ಯೆಶಾಯನ ಭಾಗ ಕೇಳಿ ಜನ ಖುಷಿಯಾಗಿದ್ರು, ನಮ್ಮೂರ ಹುಡುಗ ಎಷ್ಟು ಚೆನ್ನಾಗಿ ಮಾತಾಡ್ತಾನೆ ಅಂತ. ಆಮೇಲೆ ಅವನು, ಎಲೀಯನ ಕಾಲದ ಬರಗಾಲದಲ್ಲಿ ಇಸ್ರಾಯೇಲಲ್ಲಿ ಬೇಕಾದಷ್ಟು ವಿಧವೆಯರಿದ್ರು, ದೇವರು ಕಳಿಸಿದ್ದು ಸೀದೋನಿನ ಚರೆಪ್ತಾ ಊರಿನ ವಿಧವೆ ಹತ್ರ, ಎಲೀಷನ ಕಾಲದಲ್ಲಿ ಕುಷ್ಠರೋಗಿಗಳು ಬೇಕಾದಷ್ಟಿದ್ರು, ವಾಸಿಯಾಗಿದ್ದು ಸಿರಿಯಾದ ನಾಮಾನ ಅಂದ. ಅಷ್ಟೇ. ಆರಾಧನೆಗೆ ಬಂದಿದ್ದ ಅದೇ ಜನ ಅವನನ್ನ ಗುಡ್ಡದಿಂದ ತಳ್ಳೋಕೆ ಎಳ್ಕೊಂಡು ಹೋದ್ರು. ದೇವರ ಕರುಣೆ ಗಡಿ ದಾಟತ್ತೆ ಅನ್ನೋ ಮಾತನ್ನ ತಡ್ಕೊಳ್ಳೋಕೆ ಆಗದೇ ಇರೋ ಸಭೆ ಯಾವ ಮಟ್ಟಕ್ಕೆ ಹೋಗಬಹುದು ಅಂತ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲೂ ಬರೆದಿಲ್ಲ.

ಇದೆಲ್ಲ ಹಳೇ ಕಾಲದ್ದು ಅಂದ್ಕೋಬೇಡಿ. 1914ರಲ್ಲಿ ಯೂರೋಪಿನಲ್ಲಿ ಯುದ್ಧ ಶುರುವಾದಾಗ ಎರಡೂ ಕಡೆ ಪುಲ್ಪಿಟ್‌ಗಳಿಂದ ದೇವರು ನಮ್ಮ ಕಡೆ ಅಂತಾನೇ ಸಾರಿದ್ರು. ಜರ್ಮನ್ ಸೈನಿಕರ ಬೆಲ್ಟಿನ ಬಕಲ್ ಮೇಲೆ ದೇವರು ನಮ್ಮ ಜೊತೆ ಅಂತ ಅಚ್ಚಾಗಿತ್ತು. ಆ ಕಡೆ ಲಂಡನ್ನಿನ ಬಿಷಪ್ ವಿನ್ನಿಂಗ್ಟನ್-ಇಂಗ್ರಾಮ್ 1915ರ ಒಂದು ಪ್ರಸಂಗದಲ್ಲಿ ಲೋಕವನ್ನ ಉಳಿಸೋಕೆ ಜರ್ಮನ್ನರನ್ನ ಕೊಲ್ಲಬೇಕು, ಒಳ್ಳೆಯವರು ಕೆಟ್ಟವರು ಅಂತ ನೋಡದೇ ಕೊಲ್ಲಬೇಕು ಅನ್ನೋ ಮಟ್ಟಕ್ಕೆ ಮಾತಾಡಿದ್ರು. ಅವತ್ತು ಸ್ವಿಟ್ಜರ್‌ಲೆಂಡಿನ ಸಾಫೆನ್‌ವಿಲ್ ಅನ್ನೋ ಊರಲ್ಲಿ ಸಭಾಪಾಲಕನಾಗಿದ್ದ ಕಾರ್ಲ್ ಬಾರ್ತ್, ಯುದ್ಧವನ್ನ ಸಮರ್ಥಿಸಿ 93 ಜನ ಜರ್ಮನ್ ವಿದ್ವಾಂಸರು ಸಹಿ ಹಾಕಿದ ಹೇಳಿಕೆಯಲ್ಲಿ ತನ್ನ ದೇವಶಾಸ್ತ್ರದ ಗುರುಗಳ ಹೆಸರು ನೋಡಿ ತತ್ತರಿಸಿ ಹೋದ. ಇವರು ಕಲಿಸಿದ ದೇವರ ಜ್ಞಾನ ಇಷ್ಟೇನಾ ಅನ್ನೋ ಆಘಾತದಿಂದ ಅವನ ಇಡೀ ಯೋಚನೆ ಬದಲಾಯ್ತು.

ಇಪ್ಪತ್ತು ವರ್ಷ ಆದ್ಮೇಲೆ ಅದೇ ಬಾರ್ತ್ ಬೇಕಾದ್ರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಜರ್ಮನ್ ಕ್ರೈಸ್ತರು ಅಂತ ಹೆಸರಿಟ್ಟುಕೊಂಡ ಒಂದು ಚಳವಳಿ ಪ್ರೊಟೆಸ್ಟೆಂಟ್ ಸಭೆಗಳ ಒಳಗೇ ಬೆಳೀತು, ಸ್ವಸ್ತಿಕದ ಬಾವುಟ ಚರ್ಚಿನ ಒಳಗೆ ಬಂತು, ಸಮವಸ್ತ್ರ ಹಾಕ್ಕೊಂಡವರು ಸಾಲಾಗಿ ಆರಾಧನೆಗೆ ಬಂದ್ರು, ಅದೇ ವರ್ಷ ನವೆಂಬರಿನಲ್ಲಿ ಬರ್ಲಿನ್ನಿನ ದೊಡ್ಡ ಸಮಾವೇಶದಲ್ಲಿ ಹಳೇ ಒಡಂಬಡಿಕೆಯನ್ನೇ ಕಿತ್ತಾಕಿ ಅಂತ ಭಾಷಣ ಆಯ್ತು. ಬಾವುಟ ತಂದವರಲ್ಲಿ ಬಹಳ ಜನ ಕೆಟ್ಟ ಉದ್ದೇಶ ಇಟ್ಕೊಂಡು ತಂದವರಲ್ಲ. ಸೋತು ಸುಣ್ಣವಾಗಿದ್ದ ದೇಶ ಎದ್ದು ನಿಲ್ತಿದೆ, ದೇವರೇ ಎತ್ತುತಿದ್ದಾನೆ ಅಂತ ಮನಸ್ಸು ತುಂಬಿ ತಂದರು. ಅದನ್ನ ವಿರೋಧಿಸಿ 1934ರ ಮೇ 29ರಿಂದ 31ರವರೆಗೆ ಜರ್ಮನಿಯ ಬಾರ್ಮೆನ್‌ನಲ್ಲಿ ಸೇರಿದ ಸಭೆಗಳ ಪ್ರತಿನಿಧಿಗಳು ಹೊರಡಿಸಿದ ಘೋಷಣೆಯ ಮುಖ್ಯ ಕರಡು ಬಾರ್ತ್‌ದೇ. ನಾವು ಕೇಳಬೇಕಾದ, ನಂಬಬೇಕಾದ ದೇವರ ಒಂದೇ ವಾಕ್ಯ ಯೇಸು ಕ್ರಿಸ್ತ, ಅವನ ಪಕ್ಕದಲ್ಲಿ ಬೇರೆ ಘಟನೆ, ಬೇರೆ ಶಕ್ತಿ, ಬೇರೆ ವ್ಯಕ್ತಿಯನ್ನ ದೇವರ ಪ್ರಕಟನೆ ಅಂತ ಸಭೆ ಒಪ್ಪಲ್ಲ ಅನ್ನೋದು ಅದರ ಸಾರ. ಪಕ್ಕದಲ್ಲಿ ಅನ್ನೋದನ್ನ ಗಮನಿಸಿ. ಕ್ರಿಸ್ತನನ್ನ ತೆಗೆದುಹಾಕಿ ಅಂತ ಶುರುವಲ್ಲಿ ಯಾರೂ ಕೇಳಿರಲಿಲ್ಲ, ಅವನ ಪಕ್ಕ ಇನ್ನೊಂದು ಇರಲಿ ಅಂತ ಕೇಳಿದ್ರು.

ಹಾಗಂತ ನಿಮ್ಮ ಕಮಿಟಿಯವರು ನಾಜಿಗಳು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಆ ಹೋಲಿಕೆಯನ್ನ ಮೀಟಿಂಗ್‌ನಲ್ಲಿ ತರಬೇಡಿ, ಅದು ಅನ್ಯಾಯ ಆಗತ್ತೆ. ನಾನು ಹೇಳ್ತಿರೋದು ಗೆರೆ ಮೊದಲೇ ಎಳೆದಿಟ್ಟುಕೊಂಡ ಸಭೆಗೆ ಕಷ್ಟದ ಕಾಲದಲ್ಲಿ ನಿಲ್ಲೋಕೆ ನೆಲ ಇರತ್ತೆ ಅಂತ.

ಕ್ರೈಸ್ತರು ಕಡಿಮೆ ಇರೋ ದೇಶಗಳಲ್ಲಿ ಇದಕ್ಕೆ ಇನ್ನೊಂದು ಮುಖ ಇದೆ. ಅಲ್ಲಿ ಬಾವುಟ ಪ್ರೀತಿಯಿಂದ ಬರೋದಕ್ಕಿಂತ ಭಯದಿಂದ ಬರತ್ತೆ, ನಾವೂ ಈ ದೇಶದವರೇ ಅಂತ ಪ್ರೂವ್ ಮಾಡಬೇಕು ಅನ್ನೋ ಭಯ. ಕೊರಿಯಾ ಜಪಾನಿನ ಆಳ್ವಿಕೆಯಲ್ಲಿದ್ದಾಗ ಜಪಾನಿನ ಸಾಂಪ್ರದಾಯಿಕ ಧರ್ಮವಾದ ಶಿಂಟೋದ ಗುಡಿಗಳ ಮುಂದೆ ಬಾಗಿ ನಮಸ್ಕಾರ ಮಾಡಿ, ಇದು ಧರ್ಮ ಅಲ್ಲ ಬರೀ ದೇಶಭಕ್ತಿ ಅಂತ ಸರ್ಕಾರ ಒತ್ತಾಯ ಮಾಡ್ತು. 1938ರಲ್ಲಿ ಪ್ಯೊಂಗ್‌ಯಾಂಗ್‌ನಲ್ಲಿ ಸೇರಿದ ಪ್ರೆಸ್‌ಬಿಟೇರಿಯನ್ ಮಹಾಸಭೆ ಪೊಲೀಸರ ಕಾವಲಲ್ಲಿ ಅದನ್ನ ಒಪ್ಪಿ ನಿರ್ಣಯ ಮಾಡ್ತು. ಒಪ್ಪದೇ ಇದ್ದ ಪಾಸ್ಟರ್ ಜು ಗಿ-ಚೋಲ್ 1944ರಲ್ಲಿ ಜೈಲಲ್ಲೇ ತೀರಿಕೊಂಡ್ರು. ಯುದ್ಧ ಮುಗಿದು ವರ್ಷಗಳಾದ್ಮೇಲೆ, 1954ರಲ್ಲಿ, ಆ ಸಭೆ ತನ್ನ ನಿರ್ಣಯ ರದ್ದು ಮಾಡ್ತು. ಜಪಾನಿನಲ್ಲೇ ಅದಕ್ಕೂ ಮುಂಚೆ, 1891ರಲ್ಲಿ, ಉಚಿಮುರಾ ಕಾನ್ಜೋ ಅನ್ನೋ ಮೇಷ್ಟ್ರು ಚಕ್ರವರ್ತಿಯ ಸಹಿ ಇದ್ದ ಶಿಕ್ಷಣದ ರಾಜಾಜ್ಞೆಗೆ ಎಲ್ಲರ ಹಾಗೆ ಆಳವಾಗಿ ಬಾಗಲಿಲ್ಲ ಅಂತ ದೇಶದ್ರೋಹಿ ಅನ್ನಿಸಿಕೊಂಡು ಕೆಲಸ ಕಳ್ಕೊಂಡ್ರು. ಆದ್ರೆ ಆ ಮನುಷ್ಯನಷ್ಟು ಜಪಾನನ್ನ ಪ್ರೀತಿಸಿದವರು ಕಡಿಮೆ. ಯೇಸು ಮತ್ತು ಜಪಾನ್, ನನಗೆ ಪ್ರೀತಿ ಇರೋದು ಈ ಎರಡರ ಮೇಲೇ ಅಂತಿದ್ರು. ನಾನು ಜಪಾನಿಗಾಗಿ, ಜಪಾನ್ ಲೋಕಕ್ಕಾಗಿ, ಲೋಕ ಕ್ರಿಸ್ತನಿಗಾಗಿ, ಎಲ್ಲವೂ ದೇವರಿಗಾಗಿ ಅಂತ ಅವರು ಬರೆದಿಟ್ಟ ಮಾತು ಅವರ ಸಮಾಧಿ ಮೇಲಿದೆ. ನನಗೆ ಗೊತ್ತಿರೋ ಮಟ್ಟಿಗೆ ಕ್ರೈಸ್ತ ದೇಶಪ್ರೇಮಕ್ಕೆ ಇದಕ್ಕಿಂತ ಒಳ್ಳೆ ಕ್ರಮ ಯಾರೂ ಕೊಟ್ಟಿಲ್ಲ. ದೇಶ ಅದರಲ್ಲಿ ಇದೆ, ಬಹಳ ಮುಂದೆಯೇ ಇದೆ, ಆದ್ರೆ ಅಲ್ಲಿಗೇ ನಿಲ್ಲಲ್ಲ.

ಹಿಟ್ಲರನ್ನ ವಿರೋಧಿಸಿದ ಜರ್ಮನ್ ಪಾಸ್ಟರ್ ಡೀಟ್ರಿಕ್ ಬೋನ್‌ಹೋಫರ್ ಕಥೆ ನಿಮಗೆ ಗೊತ್ತಿರಬಹುದು. 1939ರಲ್ಲಿ ನ್ಯೂಯಾರ್ಕಿನಲ್ಲಿ ಸುರಕ್ಷಿತವಾಗಿದ್ದವರು ಕೆಲವೇ ವಾರದಲ್ಲಿ ಜರ್ಮನಿಗೆ ವಾಪಸ್ ಹೊರಟರು. ನನ್ನ ಜನರ ಜೊತೆ ಈ ಕಷ್ಟದ ಕಾಲ ಹಂಚಿಕೊಳ್ಳದೇ ಹೋದ್ರೆ ಯುದ್ಧ ಆದ್ಮೇಲೆ ಜರ್ಮನಿಯ ಕ್ರೈಸ್ತ ಜೀವನವನ್ನ ಮತ್ತೆ ಕಟ್ಟೋ ಕೆಲಸದಲ್ಲಿ ನನಗೆ ಹಕ್ಕಿರಲ್ಲ ಅಂತ ಬರೆದ್ರು. ಅದೇ ಪತ್ರದಲ್ಲಿ, ಕ್ರೈಸ್ತ ನಾಗರಿಕತೆ ಉಳೀಬೇಕಾದ್ರೆ ನನ್ನ ದೇಶ ಸೋಲಬೇಕು ಅಂತ ಬಯಸಬೇಕಾಗಿದೆ ಅಂತಲೂ ಬರೆದ್ರು. 1945ರ ಏಪ್ರಿಲ್ 9ಕ್ಕೆ ಅವರನ್ನ ಗಲ್ಲಿಗೇರಿಸಿದ್ರು. ಅದೇ ವರ್ಷ ಅಕ್ಟೋಬರಿನಲ್ಲಿ ಸ್ಟಟ್‌ಗಾರ್ಟಿನಲ್ಲಿ ಜರ್ಮನಿಯ ಉಳಿದ ಸಭಾನಾಯಕರು ಹೊರದೇಶದ ಸಹೋದರರ ಮುಂದೆ, ನಾವು ಇನ್ನೂ ಧೈರ್ಯವಾಗಿ ಸಾಕ್ಷಿ ಹೇಳಲಿಲ್ಲ, ಇನ್ನೂ ನಂಬಿಗಸ್ತರಾಗಿ ಪ್ರಾರ್ಥಿಸಲಿಲ್ಲ, ಇನ್ನೂ ಹೆಚ್ಚು ಪ್ರೀತಿಸಲಿಲ್ಲ ಅಂತ ತಪ್ಪೊಪ್ಪಿಕೊಂಡ್ರು. ದೇಶದ ಪಾಪವನ್ನ ನಮ್ಮ ಪಾಪ ಅಂತ ದೇವರ ಮುಂದೆ ಹೊತ್ತು ತರೋದಕ್ಕೆ ದೇಶದ ಮೇಲೆ ಬಹಳ ಪ್ರೀತಿ ಬೇಕು. ದಾನಿಯೇಲನ ಪುಸ್ತಕ 9ನೇ ಅಧ್ಯಾಯದ ಪ್ರಾರ್ಥನೆ ನೋಡಿ, ಅವನು ತನ್ನನ್ನೂ ಸೇರಿಸಿಕೊಂಡು ನಾವು ಪಾಪ ಮಾಡಿದೆವು ಅಂತ ಮತ್ತೆ ಮತ್ತೆ ಹೇಳ್ತಾನೆ. ರಾಷ್ಟ್ರೀಯ ದಿನದ ಆರಾಧನೆಯಲ್ಲಿ ಹೆಚ್ಚಾಗಿ ಬಿಟ್ಟುಹೋಗೋದು ಇದೇ. ಹೊಗಳಿಕೆ ಇರತ್ತೆ, ಪಶ್ಚಾತ್ತಾಪ ಇರಲ್ಲ.

ಹಾಗಾದ್ರೆ ಯಾವುದು ಸರಿ ಯಾವುದು ತಪ್ಪು ಅಂತ ಹೇಗೆ ತೂಗೋದು? ನಾನು ಸೆಮಿನರಿಯಲ್ಲಿ ಹುಡುಗರಿಗೆ ಹೇಳೋ ಪರೀಕ್ಷೆ ಒಂದೇ: ನಿಮ್ಮ ದೇಶದ ಜೊತೆ ಜಗಳದಲ್ಲಿರೋ ದೇಶದ ಒಬ್ಬ ವಿಶ್ವಾಸಿ ಅವತ್ತು ನಿಮ್ಮ ಬೆಂಚಲ್ಲಿ ಕೂತಿದ್ರೆ, ನೀವು ಹಾಡಿದ್ದಕ್ಕೆ, ಪ್ರಾರ್ಥಿಸಿದ್ದಕ್ಕೆ ಅವನು ಮನಸ್ಸಿಂದ ಆಮೆನ್ ಅನ್ನೋಕೆ ಆಗತ್ತಾ? ನಮ್ಮ ದೇಶಕ್ಕೆ ನ್ಯಾಯ ಕೊಡು, ಮಳೆ ಕೊಡು, ಆಳುವವರಿಗೆ ವಿವೇಕ ಕೊಡು, ಗಡಿಯಲ್ಲಿ ಇರೋ ಮಕ್ಕಳನ್ನ ಕಾಪಾಡು, ಇದಕ್ಕೆಲ್ಲ ಅವನು ಆಮೆನ್ ಅಂತಾನೆ, ಅವನ ದೇಶದಲ್ಲೂ ಅದನ್ನೇ ಕೇಳ್ತಾನೆ. ನಮ್ಮ ದೇಶವೇ ಶ್ರೇಷ್ಠ, ನಮ್ಮ ಶತ್ರು ನಾಶವಾಗಲಿ ಅನ್ನೋದಕ್ಕೆ ಅವನ ಬಾಯಿ ಕಟ್ಟತ್ತೆ. ಕ್ರಿಸ್ತನ ದೇಹದ ಒಂದು ಅಂಗ ಆಮೆನ್ ಅನ್ನೋಕೆ ಆಗದೇ ಇರೋ ಮಾತು ಆ ದೇಹದ ಆರಾಧನೆಯ ಮಾತಾಗಲ್ಲ.

ಈ ಪರೀಕ್ಷೆಯಲ್ಲಿ ಪಾಸಾದವರೂ ಇದ್ದಾರೆ. 1982ರಲ್ಲಿ ಬ್ರಿಟನ್ ಮತ್ತು ಅರ್ಜೆಂಟೀನಾ ಮಧ್ಯೆ ಫಾಕ್‌ಲ್ಯಾಂಡ್ಸ್ ಯುದ್ಧ ಆಯ್ತು. ಬ್ರಿಟನ್ ಗೆದ್ದಿತು, ಜುಲೈ 26ಕ್ಕೆ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ರಾಣಿ, ಪ್ರಧಾನಿ ಎಲ್ಲಾ ಕೂತಿದ್ದ ಆರಾಧನೆ. ವಿಜಯೋತ್ಸವ ಆಗಬೇಕು ಅಂತ ಕೆಲವರ ಆಸೆ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ರಾಬರ್ಟ್ ರನ್ಸಿ ತಮ್ಮ ಪ್ರಸಂಗದಲ್ಲಿ ಎರಡೂ ಕಡೆ ಮಕ್ಕಳನ್ನ ಕಳ್ಕೊಂಡ ತಂದೆತಾಯಿ ಇದ್ದಾರೆ ಅಂತ ನೆನಪಿಸಿದ್ರು, ಅರ್ಜೆಂಟೀನಾದವರ ದುಃಖವನ್ನೂ ಪ್ರಾರ್ಥನೆಗೆ ತಂದ್ರು. ಆಳುವ ಪಕ್ಷದ ಕೆಲವರಿಗೆ ಸಿಟ್ಟು ಬಂತು. ಆದ್ರೆ ರನ್ಸಿಗೆ ಯುದ್ಧ ಏನು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಎರಡನೇ ಮಹಾಯುದ್ಧದಲ್ಲಿ ಟ್ಯಾಂಕ್ ದಳದಲ್ಲಿ ಹೋರಾಡಿ ಮಿಲಿಟರಿ ಕ್ರಾಸ್ ಅನ್ನೋ ಶೌರ್ಯ ಪದಕ ಪಡೆದವರು ಅವರು. ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಪಾದ್ರಿ ಅಲ್ಲ, ಆದ್ರೂ ಅಲ್ಲಿನ ಅಂತರ್ಯುದ್ಧದ ಕೊನೆಯಲ್ಲಿ, 1865ರ ಮಾರ್ಚ್ 4ರ ಭಾಷಣದಲ್ಲಿ, ಎರಡೂ ಪಕ್ಷದವರು ಓದೋದು ಅದೇ ಬೈಬಲ್, ಪ್ರಾರ್ಥಿಸೋದು ಅದೇ ದೇವರನ್ನ, ಇಬ್ಬರ ಪ್ರಾರ್ಥನೆಗೂ ಪೂರ್ತಿ ಉತ್ತರ ಸಿಗಲಿಲ್ಲ, ದೇವರಿಗೆ ತನ್ನದೇ ಉದ್ದೇಶಗಳಿವೆ ಅಂದ್ರು. ಯೆಹೋಶುವ 5ರಲ್ಲಿ ಇದೇ ಇದೆ. ಇಸ್ರಾಯೇಲಿನ ನಾಯಕ ಯೆಹೋಶುವ, ಕತ್ತಿ ಹಿಡಿದು ನಿಂತವನನ್ನ ನೀನು ನಮ್ಮ ಕಡೆಯವನೋ ಶತ್ರುಗಳ ಕಡೆಯವನೋ ಅಂತ ಕೇಳಿದ್ರೆ, ಎರಡೂ ಅಲ್ಲ, ನಾನು ಯೆಹೋವನ ಸೇನಾಪತಿ ಅನ್ನೋ ಉತ್ತರ ಬರತ್ತೆ. ಯೆಹೋಶುವ ಅಲ್ಲೇ ಬೋರಲು ಬಿದ್ದ.

ಈಗ ನಿಮ್ಮ ಕಮಿಟಿಯ ಮುಂದಿರೋ ವಿಷಯಗಳಿಗೆ ಬರ್ತೀನಿ. ಬಾವುಟದ್ದು ಮೊದಲು. ರಾಷ್ಟ್ರಧ್ವಜಕ್ಕೆ ಅದರದ್ದೇ ಮರ್ಯಾದೆ ನಿಯಮಗಳಿರ್ತಾವೆ, ಅದು ಎಲ್ಲಿದ್ರೂ ಮುಖ್ಯ ಸ್ಥಾನದಲ್ಲೇ ಇರಬೇಕು ಅನ್ನೋದು ಆ ನಿಯಮಗಳ ಸ್ವಭಾವ. ಅಮೆರಿಕದ ಧ್ವಜ ಸಂಹಿತೆ ಚರ್ಚಿನ ಹೆಸರನ್ನೇ ಎತ್ತಿ, ಅಲ್ಲಿ ಕೋಲಿಗೆ ಕಟ್ಟಿ ಇಟ್ಟರೆ ಬೋಧಕರ ಬಲಗಡೆ, ಬೇರೆಲ್ಲಕ್ಕಿಂತ ಗೌರವದ ಜಾಗದಲ್ಲಿ ಇರಬೇಕು ಅನ್ನತ್ತೆ. ದೇಶದ ಕಡೆಯಿಂದ ನೋಡಿದ್ರೆ ಅದು ಸರಿಯೇ. ಆದ್ರೆ ಆರಾಧನೆಯ ಜಾಗದಲ್ಲಿ ಆ ಮುಖ್ಯ ಸ್ಥಾನ ಶಿಲುಬೆಗೆ, ವಾಕ್ಯಕ್ಕೆ, ಕರ್ತನ ಮೇಜಿಗೆ ಆಗಲೇ ಕೊಟ್ಟಾಗಿದೆ. ಎರಡನ್ನೂ ಒಟ್ಟಿಗೆ ಇಟ್ರೆ ಒಂದೋ ಬಾವುಟಕ್ಕೆ ಅವಮರ್ಯಾದೆ, ಇಲ್ಲಾ ಶಿಲುಬೆಗೆ. ಅದೇ ಸಂಹಿತೆಯಲ್ಲಿ ನನಗೆ ಬಹಳ ಇಷ್ಟವಾದ ಒಂದು ವಿನಾಯಿತಿ ಇದೆ, ಸಮುದ್ರದಲ್ಲಿರೋ ನೌಕಾಪಡೆಯ ಹಡಗಲ್ಲಿ ಚಾಪ್ಲಿನ್, ಅಂದ್ರೆ ನೌಕಾಪಡೆಯ ಪಾದ್ರಿ, ಆರಾಧನೆ ನಡೆಸೋ ಹೊತ್ತಲ್ಲಿ ಚರ್ಚಿನ ಪತಾಕೆಯನ್ನ ರಾಷ್ಟ್ರಧ್ವಜದ ಮೇಲೆ ಹಾರಿಸಬಹುದು. ಯುದ್ಧನೌಕೆಯಲ್ಲೇ ಅಷ್ಟು ಹೊತ್ತು ಧ್ವಜ ಕೆಳಗೆ ನಿಲ್ಲಬಹುದಾದ್ರೆ ಚರ್ಚಿನಲ್ಲಿ ಅದನ್ನ ಹೊರಗೆ ಗೌರವವಾಗಿ ಹಾರಿಸೋದು ಯಾವ ಲೆಕ್ಕದಲ್ಲೂ ದೇಶಕ್ಕೆ ಅಪಮಾನ ಅಲ್ಲ. ಅಮೆರಿಕದ ಕ್ಯಾಥೊಲಿಕ್ ಬಿಷಪ್ಪರೂ ಪೂರ್ತಿ ನಿಷೇಧ ಮಾಡಿಲ್ಲ, ಆಲ್ಟರ್ ಭಾಗದಲ್ಲಿ ಬೇಡ, ಪ್ರವೇಶದ ಮೊಗಸಾಲೆಯಲ್ಲಿ ಇಡಬಹುದು ಅಂತ ಸಲಹೆ ಕೊಡ್ತಾರೆ. ಅವರ ಶವಸಂಸ್ಕಾರದ ಕ್ರಮದಲ್ಲಂತೂ ಸೈನಿಕನ ಪೆಟ್ಟಿಗೆ ಮೇಲಿನ ರಾಷ್ಟ್ರಧ್ವಜವನ್ನ ಚರ್ಚಿನ ಬಾಗಿಲಲ್ಲೇ ತೆಗೆದು ಮಡಿಚಿಟ್ಟು, ದೀಕ್ಷಾಸ್ನಾನದ ಬಟ್ಟೆಯನ್ನ ನೆನಪಿಸೋ ಬಿಳಿ ಹೊದಿಕೆ ಹಾಕಿ ಒಳಗೆ ತರ್ತಾರೆ, ಹೊರಗೆ ಹೋಗುವಾಗ ಧ್ವಜವನ್ನ ಮತ್ತೆ ಹೊದಿಸಬಹುದು. ದೇಶಕ್ಕೋಸ್ಕರ ಪ್ರಾಣ ಕೊಟ್ಟವನೂ ಒಳಗೆ ಬರೋದು ದೇವರ ಮಗುವಾಗಿ, ಬೇರೆ ಯಾವ ಗುರುತೂ ಅಲ್ಲಿ ಬೇಕಾಗಲ್ಲ.

ರಾಷ್ಟ್ರಗೀತೆ ಬಗ್ಗೆ: ಆರಾಧನೆಯ ಮೊದಲ ಹಾಡು ನಾವು ಯಾರ ಮುಂದೆ ಬಂದಿದ್ದೀವಿ ಅಂತ ಹೇಳತ್ತೆ, ಅದನ್ನ ಕೀರ್ತನೆಗೇ ಬಿಡಿ. ಆರಾಧನೆಗೆ ಮುಂಚೆಯೋ ಆಶೀರ್ವಾದ ಆದ್ಮೇಲೋ ಹೊರಗೆ ಧ್ವಜ ಹಾರಿಸಿ ಎಲ್ಲರೂ ನೆಟ್ಟಗೆ ನಿಂತು ಮನಸಾರೆ ಹಾಡಿ, ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಪ್ರತಿಜ್ಞೆ ಓದೋದಿದ್ರೂ ಅಲ್ಲೇ. ಆರಾಧನೆ ಒಳಗೆ ನಾವು ಎದ್ದು ನಿಂತು ಹೇಳೋ ಪ್ರತಿಜ್ಞೆ ವಿಶ್ವಾಸ ಪ್ರಮಾಣ ಒಂದೇ.

ಪ್ರಸಂಗ ದೇಶಪ್ರೇಮದ ಮೇಲೆ ಇರಲಿ ಅಂದ್ರೆ, ಪ್ರಸಂಗ ವಾಕ್ಯದ ಮೇಲೆ ಇರಲಿ ಅಂತ ನಾನು ಹೇಳ್ತೀನಿ, ವಾಕ್ಯ ದೇಶದ ಬಗ್ಗೆ ಮಾತಾಡೋಕೆ ಬಿಡಿ, ಅದು ಖಂಡಿತ ಮಾತಾಡತ್ತೆ. ಯೆರೆಮೀಯ 29 ತಗೊಳ್ಳಿ, ಮೀಕ 6 ತಗೊಳ್ಳಿ, ಕೀರ್ತನೆ 72 ತಗೊಳ್ಳಿ, ಒಳ್ಳೆ ಅರಸ ಅಂದ್ರೆ ಬಡವನ ಕೂಗು ಕೇಳೋನು ಅಂತ ಅಲ್ಲಿದೆ. ಎಲ್ ಸಾಲ್ವಡೋರಿನ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ 1980ರ ಮಾರ್ಚ್ 23ರ ಪ್ರಸಂಗದಲ್ಲಿ ತನ್ನ ದೇಶದ ಸೈನಿಕರಿಗೇ, ನೀವು ಕೊಲ್ತಿರೋದು ನಿಮ್ಮದೇ ರೈತ ಸಹೋದರರನ್ನ, ದಮನ ನಿಲ್ಲಿಸಿ ಅಂದ್ರು. ಮಾರನೇ ದಿನ ಬಲಿಪೂಜೆ ಮಾಡ್ತಿರುವಾಗಲೇ ಅವರನ್ನ ಗುಂಡಿಟ್ಟು ಕೊಂದ್ರು. ಅದು ದೇಶವಿರೋಧಿ ಪ್ರಸಂಗ ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ. ಹಾಗಂತ ದೇಶವನ್ನ ಬೈಯೋದನ್ನೇ ಪ್ರವಾದನೆ ಅಂದ್ಕೊಂಡು ಪ್ರತಿ ಭಾನುವಾರ ಅದನ್ನೇ ಮಾಡೋ ಪುಲ್ಪಿಟ್ ಕೂಡ ಸರಿ ಇಲ್ಲ, ಸಿಕ್ಕಿರೋ ಒಳ್ಳೇದಕ್ಕೆ ಸ್ತೋತ್ರ ಹೇಳೋಕೆ ಬಾರದವರ ಟೀಕೆಯಲ್ಲಿ ಪ್ರೀತಿ ಇರಲ್ಲ.

ಕರ್ತನ ಭೋಜನ, ಅಂದ್ರೆ ರೊಟ್ಟಿ ದ್ರಾಕ್ಷಾರಸದ ಸಂಸ್ಕಾರ, ಅವತ್ತು ಇದ್ರೆ ಇನ್ನೂ ಎಚ್ಚರ ಬೇಕು. ಆ ಮೇಜಿನ ಸುತ್ತ ಯಾರ್ಯಾರು ಇರ್ತಾರೆ ಅಂತ ಯೋಚನೆ ಮಾಡಿ. ಬೇರೆ ದೇಶದಿಂದ ಓದೋಕೆ ಬಂದ ಹುಡುಗಿ ಇರಬಹುದು, ಮನೆಮಠ ಬಿಟ್ಟು ಓಡಿ ಬಂದ ನಿರಾಶ್ರಿತ ಕುಟುಂಬ ಇರಬಹುದು, ಇದೇ ದೇಶದಲ್ಲಿ ಹುಟ್ಟಿ ಇದೇ ದೇಶದ ಕೈಯಲ್ಲಿ ಪೆಟ್ಟು ತಿಂದವರೂ ಇರಬಹುದು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1852ರ ಜುಲೈ 5ಕ್ಕೆ ಅಮೆರಿಕದ ರಾಚೆಸ್ಟರ್‌ನಲ್ಲಿ ಮಾತಾಡ್ತಾ, ಈ ಸ್ವಾತಂತ್ರ್ಯದ ಹಬ್ಬ ನಿಮ್ಮದು, ನನ್ನದಲ್ಲ, ನೀವು ಸಂಭ್ರಮಿಸ್ತೀರಿ, ನಾನು ಶೋಕಿಸಬೇಕು ಅಂದ್ರು. ಚರ್ಚಿನ ಒಳಗೆ ಯಾರೊಬ್ಬರಿಗೂ ಹಾಗನ್ನಿಸಬಾರದು. ಆರ್ಥೊಡಾಕ್ಸ್ ಸಭೆಗಳು 1872ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿ, ಸಭೆಯನ್ನ ಕುಲ ಜನಾಂಗದ ಆಧಾರದ ಮೇಲೆ ಕಟ್ಟೋದು ತಪ್ಪು ಬೋಧನೆ ಅಂತ ಖಂಡಿಸಿದ್ವು. ಪಾಲಿಸೋದರಲ್ಲಿ ಆಮೇಲೆ ಎಷ್ಟೋ ಸಲ ಎಡವಿದ್ದಾರೆ, ಆದ್ರೆ ಬೋಧನೆ ಸರಿ. ಪ್ರಕಟನೆ 7ರಲ್ಲಿ ಸಿಂಹಾಸನದ ಮುಂದೆ ನಿಲ್ಲೋರು ಸಕಲ ಜನಾಂಗ, ಕುಲ, ಭಾಷೆಗಳವರು. ಅಲ್ಲಿ ನಮ್ಮ ಭಾಷೆ, ನಮ್ಮ ಜನ ಅಳಿಸಿಹೋಗಿಲ್ಲ, ಉಳಿದೆಲ್ಲರ ಜೊತೆ ನಿಂತಿದ್ದಾರೆ.

ಪ್ರಾರ್ಥನೆ ಹೇಗಿರಬೇಕು ಅಂತ ಪಾಸ್ಟರ್ ಕೇಳಿದ್ರೆ ಇದನ್ನ ಕೊಡಿ, ಬೇಕಾದ ಹಾಗೆ ತಿದ್ದಿಕೊಳ್ಳಲಿ:

"ಎಲ್ಲಾ ಜನಾಂಗಗಳ ದೇವರೇ, ನಮ್ಮನ್ನ ಈ ನೆಲದಲ್ಲಿ ಹುಟ್ಟಿಸಿ, ಇದರ ಅನ್ನ ನೀರು ಭಾಷೆಗಳಿಂದ ಬೆಳೆಸಿದ್ದಕ್ಕೆ ಸ್ತೋತ್ರ. ನಮ್ಮ ಬಿಡುಗಡೆಗಾಗಿ ದುಡಿದವರನ್ನ, ಪ್ರಾಣ ಕೊಟ್ಟವರನ್ನ ನೆನೆಸಿ ನಿನಗೆ ಕೃತಜ್ಞತೆ ಸಲ್ಲಿಸ್ತೇವೆ. ನಾವು ಪಾಪ ಮಾಡಿದ್ದೇವೆ. ಬಲಹೀನರ ನ್ಯಾಯ ತಪ್ಪಿಸಿದ್ದೇವೆ, ನೆರೆಯವನನ್ನ ಕೀಳಾಗಿ ಕಂಡಿದ್ದೇವೆ, ಸತ್ಯ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೇವೆ, ಕ್ಷಮಿಸು. ಆಳುವವರಿಗೆ ವಿವೇಕವನ್ನೂ, ನ್ಯಾಯಾಧೀಶರಿಗೆ ಧೈರ್ಯವನ್ನೂ ಕೊಡು. ಗಡಿಯಲ್ಲಿ ನಿಂತಿರುವ ನಮ್ಮ ಮಕ್ಕಳನ್ನ ಕಾಪಾಡು, ಗಡಿಯ ಆಚೆ ನಿಂತಿರುವ ತಾಯಂದಿರ ಮಕ್ಕಳನ್ನೂ ಕಾಪಾಡು. ನಮ್ಮ ಶತ್ರುಗಳು ಅನ್ನಿಸಿಕೊಂಡವರನ್ನ ಆಶೀರ್ವದಿಸು. ನಿನ್ನ ರಾಜ್ಯ ಬರಲಿ. ಯೇಸುವಿನ ಹೆಸರಿನಲ್ಲಿ, ಆಮೆನ್."

ಇದನ್ನ ರಾಷ್ಟ್ರೀಯ ದಿನಕ್ಕೆ ಮಾತ್ರ ಇಟ್ಕೊಳ್ಳಬೇಡಿ. ವರ್ಷಕ್ಕೊಂದು ಸಲ ಬಾವುಟ ತಂದು ಉಳಿದ ಭಾನುವಾರ ದೇಶದ ನೆನಪೇ ಮಾಡದ ಸಭೆಗಿಂತ, ಬಾವುಟ ಒಳಗೆ ತರದೇ ವಾರ ವಾರ ಆಳುವವರ ಹೆಸರು ಹಿಡಿದು, ಅವರಿಗೆ ವೋಟು ಹಾಕಿದ್ರೂ ಹಾಕದೇ ಇದ್ರೂ, ಪ್ರಾರ್ಥನೆ ಮಾಡೋ ಸಭೆ ದೇಶಕ್ಕೆ ಹೆಚ್ಚು ಉಪಕಾರಿ ಅಂತ ನನ್ನ ದೃಢವಾದ ನಂಬಿಕೆ.

ಕಮಿಟಿಯಲ್ಲಿ ಮಾತಾಡೋ ಮುಂಚೆ ಬಾವುಟ ಬೇಕು ಅಂದವರ ಹತ್ರ ಒಬ್ಬೊಬ್ಬರಾಗಿ ಹೋಗಿ ಯಾಕೆ ಬೇಕು ಅಂತ ಕೇಳಿ. ಯಾರದೋ ಮಗ ಸೈನ್ಯದಲ್ಲಿ ಇರಬಹುದು, ಯಾರದೋ ಅಪ್ಪ ಸ್ವಾತಂತ್ರ್ಯಕ್ಕೆ ಜೈಲಿಗೆ ಹೋಗಿರಬಹುದು, ನಮ್ಮನ್ನ ಪರಕೀಯರು ಅಂತ ಯಾರೋ ಚುಚ್ಚಿದ ನೋವು ಇರಬಹುದು. ಅದನ್ನೆಲ್ಲ ಪ್ರಾರ್ಥನೆಗೆ ತರೋಣ, ಆ ಮಗನ ಹೆಸರನ್ನ ಅವತ್ತು ಆರಾಧನೆಯಲ್ಲೇ ಹೇಳಿ ಪ್ರಾರ್ಥಿಸೋಣ ಅಂದ್ರೆ ಬಹಳಷ್ಟು ಜನಕ್ಕೆ ಬೇಕಾಗಿರೋದು ಸಿಕ್ಕಿರತ್ತೆ. ವಿಗ್ರಹಾರಾಧನೆ ಅಂತ ಕೂಗ್ತಿರೋರಿಗೆ ಆ ಮಾತು ವಾಪಸ್ ತಗೊಳ್ಳೋಕೆ ಹೇಳಿ, ಪ್ರಾರ್ಥನೆ ನಡೆಸೋ ಜವಾಬ್ದಾರಿ ಅವರಲ್ಲೇ ಒಬ್ಬರಿಗೆ ಕೊಡಿ. ಪಾಸ್ಟರ್ ಸುಮ್ಮನಿರಬಾರದು. ಆರಾಧನೆಯ ಕ್ರಮ ಕಾಯೋದು ಅವರ ಕೆಲಸ, ಅದನ್ನ ಕಮಿಟಿಯ ವೋಟಿಗೆ ಹಾಕಬೇಡಿ ಅಂತ ಅವರಿಗೆ ನನ್ನ ಕಡೆಯಿಂದಾನೇ ಹೇಳಿ. ಈ ಸಲಕ್ಕೆ ಧ್ವಜಾರೋಹಣ ಆರಾಧನೆಗೆ ಅರ್ಧ ಗಂಟೆ ಮುಂಚೆ ಅಂಗಳದಲ್ಲಿ ಇಟ್ಟುಕೊಳ್ಳಿ, ಮಕ್ಕಳು ಹಾಡಲಿ, ಹಿರಿಯರು ಮಾತಾಡಲಿ, ಆಮೇಲೆ ಎಲ್ಲರೂ ಒಟ್ಟಿಗೆ ಒಳಗೆ ಹೋಗಿ.